ಕೆಮ್ಮಣ್ಣು ಒರೆಸಿದ ಬಾಗಿಲು

ಇದನ್ನು ಬರೆಯಲು ಕುಳಿತು ಎದ್ದದ್ದು ಎಷ್ಟು ಸಲವೋ. ಒಮ್ಮೆ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆಯುತ್ತೇನೆ ಅಂದೆ, ಒಮ್ಮೆ ಮೊಮ್ಮಗಳ ಪರೀಕ್ಷೆ ಮುಗಿಯಲಿ ಅಂದೆ, ಆಮೇಲೆ ನೆಪ ಹುಡುಕುವುದನ್ನೂ ಬಿಟ್ಟು ಸುಮ್ಮನೆ ಇದ್ದೆ. ಭಾನುವಾರ ಆರಾಧನೆಯಲ್ಲಿ ಪಾಪದ ಅರಿಕೆಯ ಹೊತ್ತು ಬಂದಾಗಲೆಲ್ಲ ಎಲ್ಲರ ಜೊತೆ ತಲೆ ಬಗ್ಗಿಸಿ, ಎಲ್ಲರೂ ಹೇಳುವ ಮಾತನ್ನೇ ಹೇಳಿ, ಇದೊಂದನ್ನು ಬಾಯೊಳಗೇ ಉಳಿಸಿಕೊಂಡು ಮನೆಗೆ ಬಂದಿದ್ದೇನೆ. ಮುಂದೂಡುವುದೂ ಒಂದು ರೀತಿಯ ಸುಳ್ಳು ಎಂದು ಬೇರೆಯವರಿಗೆ ಬೋಧಿಸಿದವನು ನಾನೇ.

ಮಗ ಕಲಬುರಗಿಯ ಅಂಚಿಗಿರುವ ಶರಣಸಿರಸಗಿಯ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿದ್ದಾನೆ. ಅವನ ಸಂಸಾರದ ಜೊತೆ ಅಲ್ಲೇ ಇದ್ದೇನೆ. ಎದುರಿಗೆ ಇನ್ನೂ ಒಂದು ಹಳೆಯ ಮಣ್ಣಿನ ಮನೆ ಉಳಿದಿದೆ. ಮೊನ್ನೆ ಆ ಮನೆಯ ಹೆಂಗಸು ಹಬ್ಬಕ್ಕೆಂದು ಗೋಡೆಯ ಬುಡಕ್ಕೆ ಕೆಮ್ಮಣ್ಣು ಬಳಿಯುತ್ತಿದ್ದಳು. ಬಕೀಟಿನಲ್ಲಿ ನೆನೆದ ಕೆಂಪು ಮಣ್ಣಿನ ವಾಸನೆ ರಸ್ತೆ ದಾಟಿ ನನ್ನವರೆಗೆ ಬಂತು. ನಾನು ಗೇಟು ಹಿಡಿದುಕೊಂಡು ನಿಂತುಬಿಟ್ಟೆ.

"ಯಾಕ್ರಿ ಹಿರ್ಯಾ, ಹಂಗ ನೋಡಾಕತ್ತೀರಿ? ನಿಮ್ಮ ಟೈಲ್ಸಿಗೂ ಒಂದೀಟು ಬಳೀಲೇನು?" ಎಂದು ಆಕೆ ನಕ್ಕಳು.

ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಆ ವಾಸನೆ ನನ್ನನ್ನು ಕಮಲಾಪುರದ ಒಂದು ಓಣಿಗೆ, ಕೊರೋನಾ ಎರಡನೆಯ ಸಲ ಬಂದ ಬೇಸಿಗೆಗೆ ಎಳೆದುಕೊಂಡು ಹೋಗಿತ್ತು.

ಆ ಬೇಸಿಗೆ ನಾನು ಕಮಲಾಪುರದಲ್ಲಿ ತಂಗಿ ಲೀಲಾಳ ಮನೆಯಲ್ಲಿ ಸಿಕ್ಕಿಬಿದ್ದಿದ್ದೆ. ಈಸ್ಟರ್ ಹಬ್ಬಕ್ಕೆಂದು ಹೋದವನು ಅಲ್ಲೇ ಉಳಿದೆ, ಅಷ್ಟರಲ್ಲಿ ಬಸ್ಸು ನಿಂತವು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದ ನನ್ನನ್ನು ಅಲ್ಲಿನವರು 'ಮಿಸ್ತ್ರಿ' ಎಂದೇ ಕರೆಯುತ್ತಿದ್ದರು. ಆ ಓಣಿಯಲ್ಲಿ ಹೆಚ್ಚಿನವು ನಮ್ಮ ಸಭೆಯವರ ಮನೆಗಳು. ಓಣಿಯ ತುದಿಗೆ ತಗಡಿನ ಮಾಡಿನ ಚಿಕ್ಕ ಚರ್ಚು. ಕಲಬುರಗಿಯಿಂದ ಬಂದು ಆರಾಧನೆ ನಡೆಸುತ್ತಿದ್ದ ಪಾಸ್ಟರ್ ಬರುವುದು ನಿಂತುಹೋದಾಗ, ಸಭೆಯ ಹಿರಿಯನೆಂದು ನನ್ನನ್ನು ಮುಂದೆ ನಿಲ್ಲಿಸಿದರು. ನಾನು ಬೇಡ ಅನ್ನಲಿಲ್ಲ. ನಿಜ ಹೇಳಬೇಕೆಂದರೆ, ಬಹಳ ಸಂತೋಷಪಟ್ಟೆ. ಡಿಪೋದಲ್ಲಿ ನನ್ನ ಮಾತು ಎಂಜಿನ್ನಿನ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಇಲ್ಲಿ ನಾನು ಮಾತಾಡಿದರೆ ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

ಆ ಬಿಸಿಲು ಎಂಥದೆಂದರೆ, ಮಧ್ಯಾಹ್ನ ಓಣಿಯಲ್ಲಿ ನಾಯಿ ಕೂಡ ಬೊಗಳುತ್ತಿರಲಿಲ್ಲ. ಬಾಳೆಯ ತೋಟಗಳಲ್ಲಿ ಎಲೆ ಸುಟ್ಟು ಅಂಚು ಮುದುರಿದ್ದವು. ಕಮಲಾಪುರದ ಕೆಂಪು ಬಾಳೆಹಣ್ಣಿಗೆ ಗಿರಾಕಿ ಇಲ್ಲದೆ ಗೊನೆಗಳು ಮರದಲ್ಲೇ ಒಡೆಯುತ್ತಿದ್ದವು. ಹುಮನಾಬಾದ್ ರೋಡಿನ ಮೇಲೆ ಆಂಬುಲೆನ್ಸ್ ಕಲಬುರಗಿಯ ಕಡೆ ಕೂಗುತ್ತ ಹೋಗುವುದು ಕೇಳಿಸುತ್ತಿತ್ತು. ಆ ಸದ್ದು ಕೇಳಿದ ಕೂಡಲೇ ಹೆಂಗಸರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ಅದು ದೂರ ಹೋಗುವವರೆಗೆ ಕಾಯುತ್ತಿದ್ದರು.

ಅಂಥ ಜನರಿಗೆ ಧೈರ್ಯ ಹೇಳಬೇಕಾಗಿತ್ತು. ನಾನು ಹೇಳಿದ್ದು ಸಂಹಾರಕ ದೂತನ ಕಥೆ.

ಸಂಜೆ ಚರ್ಚಿನ ಅಂಗಳದಲ್ಲಿ ಎಲ್ಲರೂ ದೂರ ದೂರ ನಿಲ್ಲುತ್ತಿದ್ದರು. ಸೊದೋಮಿಗೆ ಬಂದ ಇಬ್ಬರು ದೂತರ ಕಥೆ ಹೇಳಿದೆ. ಅವರು ಬಾಗಿಲ ಬಳಿ ಸೇರಿದವರ ಕಣ್ಣು ಕುರುಡು ಮಾಡಿ, ಬೆಳಗಾಗುವಷ್ಟರಲ್ಲಿ ಊರನ್ನೇ ಬೆಂಕಿಗೆ ಒಪ್ಪಿಸಿದ್ದನ್ನು ವರ್ಣಿಸಿದೆ. ಅಶ್ಶೂರದ ದಂಡು ಮಲಗಿದ್ದಲ್ಲೇ ಹೆಣವಾದದ್ದನ್ನು ಹೇಳಿದೆ. ದಾವೀದ ಅರಸನ ಕಾಲದಲ್ಲಿ ಊರೂರಿಗೆ ಜಾಡ್ಯ ಬಂದಾಗ ದೂತನೊಬ್ಬ ಕತ್ತಿ ಹಿರಿದು ಆಕಾಶಕ್ಕೂ ಭೂಮಿಗೂ ನಡುವೆ ನಿಂತದ್ದನ್ನು ಹೇಳುವಾಗ, ನಾನು ಕೈ ಎತ್ತಿ ರೋಡಿನ ಕಡೆ ತೋರಿಸಿದೆ. ಒಬ್ಬಳು ಮಗುವಿನ ಕಣ್ಣು ಮುಚ್ಚಿದಳು. ಅದನ್ನು ನೋಡಿ ನನಗೆ ನನ್ನ ಮಾತಿನ ಬಲದ ಬಗ್ಗೆ ಹೆಮ್ಮೆಯಾಯಿತು.

ಕೊನೆಗೆ ಐಗುಪ್ತದ ಕಥೆಗೆ ಬಂದೆ. ಸಂಹಾರಕನು ಮನೆ ಮನೆಗೆ ಹೊಕ್ಕಾಗ, ಕುರಿಮರಿಯ ರಕ್ತ ಹಚ್ಚಿದ ಬಾಗಿಲುಗಳನ್ನು ಬಿಟ್ಟು ಹೋದ ಕಥೆ. ಮುಗಿಸುತ್ತಿದ್ದ ಹಾಗೆ ಆಟೋ ಸಂಜು ಕೇಳಿದ: "ಅಣ್ಣಾರ, ನಾವೂ ಹಚ್ಚಿದ್ರ ಹ್ಯಾಂಗ್ರಿ?"

ಆಗ ನಾನು ನಗಬೇಕಾಗಿತ್ತು. ಇಲ್ಲಪ್ಪ, ಅದು ಆ ಕಾಲದ ಮಾತು, ನಮಗೆ ಇನ್ನು ರಕ್ತ ಬೇಕಿಲ್ಲ ಎಂದು ಚಿಕ್ಕ ಮಕ್ಕಳಿಗೂ ಗೊತ್ತಿರುವುದನ್ನು ಹೇಳಬೇಕಾಗಿತ್ತು. ಅದರ ಬದಲು, "ರಕ್ತ ಬ್ಯಾಡ. ಗುರ್ತು ಸಾಕು. ಮಣ್ಣು ಹಚ್ಚೋಣ," ಅಂದೆ.

ಮರುದಿನ ಬಾಳೆಯ ತೋಟದಿಂದ ಕೆಂಪು ಮಣ್ಣು ತರಿಸಿ ಬಕೀಟಿನಲ್ಲಿ ಕಲಸಿದೆ. ಬೈಬಲಿನಲ್ಲಿ ಹೇಳಿದ ಹಿಸ್ಸೋಪ್ ಗಿಡ ನಮ್ಮಲ್ಲಿ ಇಲ್ಲವಲ್ಲ, ಬೇವಿನ ಟೊಂಗೆ ಮುರಿದುಕೊಂಡೆ. ಲೀಲಾ ಹೊಸ್ತಿಲ ಮೇಲೆ ಕುಳಿತು ನೋಡುತ್ತಿದ್ದಳು. ಅವಳ ನಾಲಿಗೆ ಮೊದಲಿನಿಂದಲೂ ಹರಿತ.

"ಅಣ್ಣಾ, ಊರದೇವಿ ಮರಗಮ್ಮಗೂ ಬೇವು, ನಮ್ಮ ದೇವರಿಗೂ ಬೇವೇನೋ? ಇನ್ನೊಂದೀಟು ಅರಿಷಿಣ ಹಾಕ್ಯರ ಹಾಕು."

"ಬಾಯಿ ಮುಚ್ಚು," ಅಂದೆ.

ಪ್ರತಿ ಮನೆಯ ಮುಂದೆ ನಿಂತು ಪ್ರಾರ್ಥನೆ ಮಾಡಿ, ಬಾಗಿಲಿನ ಎರಡು ತೋಳಿಗೂ ಮೇಲಿನ ಪಟ್ಟಿಗೂ ಕೆಮ್ಮಣ್ಣು ಬಳಿದೆ. ಬಳಿಸಿಕೊಂಡವರ ಮುಖದಲ್ಲಿ ಬಹಳ ದಿನಗಳ ಮೇಲೆ ಬಣ್ಣ ಬಂತು. ಹೀಗೆ ಹೋಗುತ್ತ ಯೋನನ ಮನೆಗೆ ಬಂದೆವು.

ಯೋನ ಇಪ್ಪತ್ತು ದಾಟಿದ ಹುಡುಗ. ಕಲಬುರಗಿಯ ತೊಗರಿ ಬೇಳೆ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದವನು, ಮಿಲ್ಲು ಮುಚ್ಚಿದಾಗ ಮನೆಗೆ ಬಂದಿದ್ದ. ಅವನ ಅವ್ವ ಗಂಡ ತೀರಿದಾಗಿನಿಂದ ತಳ್ಳುಗಾಡಿಯಲ್ಲಿ ಬಾಳೆಹಣ್ಣು ಮಾರಿ ಅವನನ್ನು ಬೆಳೆಸಿದವಳು. ನಮ್ಮ ಕಡೆ ಹಾಗೇ, ಮಗ ಹುಟ್ಟಿದ ಮೇಲೆ ಆಕೆಯನ್ನು ಎಲ್ಲರೂ 'ಯೋನನ ಅವ್ವ' ಎಂದೇ ಕರೆಯುತ್ತಿದ್ದರು. ಮಗನಿಗೆ ಹಿಂದಿನ ದಿನದಿಂದ ಜ್ವರ, ಕೆಮ್ಮು. ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಿಗೆ ಬಂದಳು.

"ಮೊದಲ್ ನಮ್ಮ ಮನೀಗೆ ಬರಬೇಕಿತ್ರಿ ಅಣ್ಣಾರ. ಬರ್ರಿ, ಜಲ್ದಿ ಹಚ್ಚರಿ."

ನಾನು ಟೊಂಗೆ ಎತ್ತಿದವನು ಹಾಗೇ ನಿಂತೆ. ಒಳಗೆ ಹಗ್ಗದ ಬಾಜಿನ ಮೇಲೆ ಮಲಗಿದ್ದ ಯೋನನ ಕೈಗೆ ಹಸಿರು ದಾರ ಕಟ್ಟಿತ್ತು. ದರ್ಗಾದ ದಾರ. ಅದೇನು ಹೊಸದಲ್ಲ. ನಮ್ಮ ಭಾಗದಲ್ಲಿ ಮಕ್ಕಳಿಗೆ ಹುಷಾರು ತಪ್ಪಿದರೆ ಯಾವ ಧರ್ಮದವರಾದರೂ ದರ್ಗಾಕ್ಕೆ ಹೋಗುತ್ತಾರೆ. ನನ್ನ ಅವ್ವನೂ ನನಗೆ ಕಟ್ಟಿಸಿದ್ದಳು. ಆದರೆ ಹಿಂದೆ ಇಡೀ ಓಣಿ ನಿಂತು ನನ್ನನ್ನೇ ನೋಡುತ್ತಿತ್ತು.

"ಆ ದಾರ ಹರದು ಒಗಿ. ಆಮ್ಯಾಲ ಹಚ್ಚತೀನಿ," ಅಂದೆ.

ಆಕೆ ಮಗನನ್ನು ನೋಡಿದಳು, ನನ್ನನ್ನು ನೋಡಿದಳು. "ಅದು ಅವನು ಕೂಸಿದ್ದಾಗಿಂದ ಅದರಿ. ಹಳೀದಾದಂಗ ಬದಲಿ ಮಾಡಿಸಿನಿ. ಹರದ್ರ ನನ್ನ ಜೀವ ತಡಿಯಂಗಿಲ್ಲ. ದಾರ ನನ್ನ ಮಗನ ಕೈಗದ, ಬಾಗಿಲಿಗೆ ಇಲ್ಲಲ್ರಿ? ನೀವು ಬಾಗಿಲಿಗೆ ಹಚ್ಚರಿ."

"ಎರಡು ದೋಣ್ಯಾಗ ಕಾಲಿಟ್ಟವರ ಮನೀಗೆ ಗುರ್ತಿಲ್ಲ."

"ಹಂಗಾರ ನಾನೇ ಹಚ್ಚಿಕೊಂಡ್ರ ನಡೀತದೇನ್ರಿ?"

"ಹಿರಿಯರ ಕೈಯಿಂದ ಅಲ್ಲದ್ದು ಬರೇ ಮಣ್ಣು," ಎಂದು ಹೇಳಿ ಮುಂದಿನ ಮನೆಗೆ ಹೋದೆ. ಐಗುಪ್ತದಲ್ಲಿ ಪ್ರತಿ ಮನೆಯವರೂ ತಮ್ಮ ಬಾಗಿಲಿಗೆ ತಾವೇ ಹಚ್ಚಿಕೊಂಡಿದ್ದರು. ಯಾವ ಹಿರಿಯನೂ ನಡುವೆ ನಿಂತು, ನಿನಗೆ ಉಂಟು ನಿನಗೆ ಇಲ್ಲ ಎಂದಿರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ಹಾಗೆ ಹೇಳಿದೆ.

ಅಂದಿನಿಂದ ಓಣಿಯವರು ಆ ಮನೆಯ ಮುಂದೆ ಹಾಯುವಾಗ ಎದುರು ಗೋಡೆಗೆ ಅಂಟಿಕೊಂಡು ನಡೆಯಲು ಶುರುಮಾಡಿದರು. ಜಾಡ್ಯದ ಹೆದರಿಕೆ ಮೊದಲೇ ಇತ್ತು. ಈಗ ಅದಕ್ಕೆ ಕತ್ತಿ ಹಿಡಿದವನೊಬ್ಬನ ರೂಪ ಬಂತು. ಗುರುತಿಲ್ಲದ ಬಾಗಿಲ ಮುಂದೆ ಅವನು ನಿಂತಿದ್ದಾನೆ, ಅಲ್ಲಿಗೆ ಹೋದವರ ಬೆನ್ನು ಹಿಡಿದು ತಮ್ಮ ಮನೆಗೂ ಬರುತ್ತಾನೆ ಎಂದು ಮಕ್ಕಳೂ ಮಾತಾಡಿಕೊಂಡವು. ನಳದ ಹತ್ತಿರ ಯೋನನ ಅವ್ವ ಬಂದರೆ ಉಳಿದವರು ಕೊಡ ಎತ್ತಿಕೊಂಡು ದೂರ ಸರಿಯುತ್ತಿದ್ದರು. ಅವರನ್ನು ಬಯ್ಯಲಾರೆ. ಆ ದೂತನನ್ನು ಅಲ್ಲಿ ನಿಲ್ಲಿಸಿದವನು ನಾನು. ಅಷ್ಟೇ ಅಲ್ಲ, ನನಗೂ ಅವನ ಹೆದರಿಕೆ ಹತ್ತಿತ್ತು. ನಾನೇ ಕಟ್ಟಿದ ಮಾತು ನನ್ನನ್ನೇ ತಿರುಗಿ ನೋಡುತ್ತಿತ್ತು.

ಒಂದು ಬೆಳಿಗ್ಗೆ ಸಂಜು ಓಡಿ ಬಂದ. "ಅಣ್ಣಾರ, ಆಕಿ ತಾನೇ ಹಚ್ಚಗೊಂಡಾಳ್ರಿ!"

ಹೋಗಿ ನೋಡಿದೆ. ಹೌದು, ಬಾಗಿಲಿನ ಎರಡೂ ತೋಳಿಗೆ, ಮೇಲಿನ ಪಟ್ಟಿಗೆ ಕೆಮ್ಮಣ್ಣು. ಟೊಂಗೆಯಿಂದ ಅಲ್ಲ, ಬೆರಳಿನಿಂದ ಬಳಿದದ್ದು. ಮೇಲಿನ ಪಟ್ಟಿ ಎಟುಕದೆ ಜಿಗಿದು ಜಿಗಿದು ಹಚ್ಚಿರಬೇಕು, ಬೆರಳಿನ ಗೆರೆ ಸೊಟ್ಟಸೊಟ್ಟಾಗಿ ಬಿದ್ದಿದ್ದವು. ಆಕೆ ಮನೆಯಲ್ಲಿರಲಿಲ್ಲ. ಮಗನಿಗೆ ಗುಳಿಗೆ ತರಲು ಸರಕಾರಿ ದವಾಖಾನೆಯ ಸಾಲಿನಲ್ಲಿ ನಿಲ್ಲಲು ಹೋಗಿದ್ದಳು. ಓಣಿಯವರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ಕಾಯುತ್ತಿದ್ದರು, ನಾನು ಏನು ಮಾಡುತ್ತೇನೆಂದು.

ಲೀಲಾಳ ಮನೆಯಿಂದ ಒಂದು ತಂಬಿಗೆ ನೀರು, ಒಂದು ಅರಿವೆ ತಂದೆ. ಅರಿವೆ ನೆನೆಸಿ ಒರೆಸಲು ತೊಡಗಿದೆ. ಆ ಮಣ್ಣು ಕಟ್ಟಿಗೆಯ ಬಿರುಕಿನಲ್ಲಿ ಇಳಿದಿತ್ತು, ತಿಕ್ಕಿ ತಿಕ್ಕಿ ತೆಗೆದೆ. ನೆನೆದ ಮಣ್ಣಿನ ವಾಸನೆ ಮುಖಕ್ಕೆ ಹೊಡೆಯುತ್ತಿತ್ತು.

ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಯೋನ ನನ್ನನ್ನು ನೋಡುತ್ತಿದ್ದ. ಅವನು ಎದ್ದು ಕುಳಿತುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಉಸಿರು ಒಳಗೆ ಹೋಗುವುದಕ್ಕೂ ಹೊರಗೆ ಬರುವುದಕ್ಕೂ ನಡುವೆ ಎಲ್ಲೋ ತಡೆದು ನಿಲ್ಲುತ್ತಿತ್ತು. ಅವನು ಯಾಕೆ ಒರೆಸುತ್ತೀ ಎಂದು ಕೇಳಲಿಲ್ಲ.

"ಮಿಸ್ತ್ರಿ ಕಾಕಾ," ಅಂದ. "ಜರಾ ನೀರ್ ಕೊಡ್ತೀ?"

ತಂಬಿಗೆ ನನ್ನ ಕೈಯಲ್ಲಿತ್ತು. ಅದರಲ್ಲಿ ಅರ್ಧದಷ್ಟು ನೀರು ಉಳಿದಿತ್ತು. ಅರಿವೆ ಅದ್ದಿದ ನೀರು, ಕೊಡಬಾರದು ಅನ್ನೋಣ, ಆದರೆ ಒಳಗೆ ಅವನ ತಲೆಯ ಹತ್ತಿರವೇ ಗಡಿಗೆ ಇತ್ತು. ನಾಲ್ಕು ಹೆಜ್ಜೆ ಒಳಗಿಟ್ಟರೆ ಸಾಕಿತ್ತು. ನಾನು ಹೊಸ್ತಿಲು ನೋಡಿದೆ. ಅದರ ಮೇಲೆ ಯಾರೂ ನಿಂತಿರಲಿಲ್ಲ. ಆದರೂ ನನ್ನ ಕಾಲು ಏಳಲಿಲ್ಲ.

"ನಿಮ್ಮವ್ವ ಬರ್ತಾಳ ತಡಿ," ಎಂದು ಹೇಳಿ, ಉಳಿದ ನೀರನ್ನು ಬಾಗಿಲ ತೋಳಿಗೆ ಸುರುವಿ, ಅರಿವೆ ಹಿಂಡಿಕೊಂಡು ಬಂದೆ.

ಆ ಮಾತು ಇಂದಿನವರೆಗೆ ಯಾರಿಗೂ ಹೇಳಿಲ್ಲ. ಒರೆಸಿದ್ದನ್ನು ಓಣಿಯೆಲ್ಲ ಕಂಡಿತ್ತು, ಅವನು ಕೇಳಿದ್ದು ನನಗೆ ಮಾತ್ರ ಕೇಳಿಸಿತ್ತು.

ಬಿಸಿಲು ಏರುವ ಹೊತ್ತಿಗೆ ಯೋನನ ಅವ್ವ ಬಂದಳು. ಒರೆಸಿದ ಬಾಗಿಲು ನೋಡಿದಳೋ ಇಲ್ಲವೋ. ಒಳಗೆ ಹೋದವಳು ಕೂಗುತ್ತ ಹೊರಗೆ ಬಂದು ನೇರ ಸಂಜುವಿನ ಆಟೋ ಹತ್ತಿರ ಓಡಿದಳು.

"ಸಂಜೂ, ಎಪ್ಪಾ, ಕಲಬುರ್ಗಿಗೆ ಒಯ್ಯೋ. ಉಸರ ಹಿಡಿಲಾಕತ್ತದೋ ಅವಗ."

ಸಂಜು ಹ್ಯಾಂಡಲ್ ಹಿಡಿದವನು ತಲೆ ಎತ್ತಲಿಲ್ಲ. "ಬ್ಯಾನಿ ಅಂದ್ರ ನಾ ಅಂಜತಿದ್ದಿಲ್ಲ ಚಿಗವ್ವ. ಆದ್ರ ಅಣ್ಣಾರು ಬಾಗಲಾ ಒರಸ್ಯಾರ. ನನ್ನ ಮನ್ಯಾಗ ಹಸಗೂಸು ಅದ."

ಆಕೆ ನನ್ನ ಮುಂದೆ ಬಂದು ನಿಂತಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. "ಒರಸಿದ್ರಿ, ಬಿಡ್ರಿ. ದೇವರು, ನೀವು ಏನರ ಮಾಡಕೊಳ್ರಿ. ಈಗ ಸಂಜೂಗ ಹೋಗು ಅಂತ ಒಂದು ಮಾತು ಹೇಳ್ರಿ. ನೀವು ಹೇಳಿದ್ರ ಹೋಗ್ತಾನ ಅವ."

ಹೌದು, ಹೋಗುತ್ತಿದ್ದ. ನಾನು 'ಹೋಗು' ಅಂದಿದ್ದರೆ ಸಾಕಿತ್ತು. ಆದರೆ ಹಾಗೆಂದರೆ, ಬೆಳಿಗ್ಗೆ ಒರೆಸಿದ್ದು ತಪ್ಪು ಎಂದು ಇಡೀ ಓಣಿಯ ಮುಂದೆ ಒಪ್ಪಿದಂತೆ. ನಾನು ಕಣ್ಣು ಮುಚ್ಚಿ, "ದೇವರ ಚಿತ್ತ ಇದ್ದಂಗ ಆಗತದ," ಅಂದೆ.

"ಥೂ ನಿನ ಬಾಯಿಗೆ!" ಅಂದವಳು ಆಕೆ ಅಲ್ಲ, ನನ್ನ ತಂಗಿ ಲೀಲಾ. ಅವಳು ಹೊಸ್ತಿಲಿಳಿದು ಓಡಿ, ಆಕೆಯ ಜೊತೆ ಸೇರಿ ಯೋನನನ್ನು ಎತ್ತಿ ಬಾಳೆಹಣ್ಣಿನ ತಳ್ಳುಗಾಡಿಯ ಮೇಲೆ ಮಲಗಿಸಿದಳು. ಇಬ್ಬರೂ ಅದನ್ನು ಹುಮನಾಬಾದ್ ರೋಡಿನವರೆಗೆ ನೂಕಿದರು. ಅಲ್ಲಿ ಒಂದು ಲಾರಿ ನಿಂತು ತಾಯಿ ಮಗನನ್ನು ಹತ್ತಿಸಿಕೊಂಡಿತು. ಲೀಲಾ ಖಾಲಿ ಗಾಡಿ ನೂಕಿಕೊಂಡು ಒಬ್ಬಳೇ ತಿರುಗಿ ಬಂದಳು.

ಸಂಜೆಯ ಹೊತ್ತಿಗೆ ಫೋನು ಬಂತು. ಕಲಬುರಗಿ ಮುಟ್ಟುವ ಮುಂಚೆಯೇ ಯೋನ ಲಾರಿಯಲ್ಲಿ ತೀರಿಕೊಂಡಿದ್ದ.

ಈಗ ಬರೆಯುವುದು ಇದ್ದುದರಲ್ಲಿ ಕಷ್ಟದ ಮಾತು. ಸುದ್ದಿ ಕೇಳಿದಾಗ ನನಗೆ ಮೊದಲು ಆದದ್ದು ದುಃಖವಲ್ಲ. ಸಮಾಧಾನ. ನಾನು ಹೇಳಿದಂತೆಯೇ ಆಯಿತಲ್ಲ ಎಂಬ ಸಮಾಧಾನ. ಅದು ಒಂದು ಗಳಿಗೆ ಇದ್ದಿರಬಹುದು. ಅಷ್ಟರಲ್ಲೇ ಲೀಲಾ ನನ್ನ ಮುಖ ನೋಡಿಬಿಟ್ಟಳು.

"ಅಣ್ಣಾ," ಅಂದಳು ಮೆಲ್ಲಗೆ, "ನಗಲಾಕತ್ತಿಯೇನು?"

ಆಮೇಲೆ ಜಾಡ್ಯ ಓಣಿಯೊಳಗೆ ಬಂತು. ಕೆಮ್ಮಣ್ಣು ಹಚ್ಚಿದ ಬಾಗಿಲುಗಳನ್ನು ಅದು ಓದಿಕೊಂಡು ಬರಲಿಲ್ಲ. ಸಂಜುವಿನ ತಂದೆ ಹೋದ. ಲೀಲಾ ಬಹಳ ದಿನ ಮಲಗಿ, ಸಾವಿನ ದಂಡೆಗೆ ಹೋಗಿ ಬಂದಳು. ನಾನು ಹಿಂದಿನ ಕೋಣೆಯಲ್ಲಿ ಬೈಬಲ್ ಹಿಡಿದುಕೊಂಡು ಕುಳಿತಿರುತ್ತಿದ್ದೆ. ಯೆಹೆಜ್ಕೇಲನ ಪುಸ್ತಕದಲ್ಲಿ ಒಂದು ಭಾಗವಿದೆ. ಅಲ್ಲಿಯೂ ಗುರುತು ಹಾಕುವವನೊಬ್ಬ, ಅವನ ಹಿಂದೆ ಗುರುತಿಲ್ಲದವರನ್ನು ಹೊಡೆಯುವವರು. ಅದನ್ನು ಅಂಗಳದಲ್ಲಿ ಓದಿ ಹೇಳಿದ್ದೆ. ಆದರೆ ಹೊಡೆಯುವವರಿಗೆ ಎಲ್ಲಿಂದ ಶುರುಮಾಡಲು ಅಪ್ಪಣೆಯಾಯಿತು ಎಂಬ ಮಾತಿನ ಮೊದಲೇ ಪುಸ್ತಕ ಮುಚ್ಚಿದ್ದೆ. ದೇವಾಲಯದಿಂದಲೇ ಶುರುಮಾಡಿರಿ ಎಂದು ಅಪ್ಪಣೆ. ಅವರು ಮೊದಲು ಕೈಮಾಡಿದ್ದು ಆಲಯದ ಮುಂದೆ ನಿಂತಿದ್ದ ಹಿರಿಯರ ಮೇಲೆ. ಈಗ ಆ ಸಾಲಿನ ಮೇಲೆ ಬೆರಳಿಟ್ಟು, ಬಾಗಿಲು ಸದ್ದಾದರೆ ಬೆಚ್ಚಿಬೀಳುತ್ತಿದ್ದೆ.

ಮೃಗಶಿರ ಮಳೆ ಒಂದು ಮಧ್ಯಾಹ್ನ ಗಾಳಿಯ ಜೊತೆ ಬಂದು ಹೊಡೆಯಿತು. ಕಿಟಕಿಯಿಂದ ನೋಡಿದೆ. ಓಣಿಯ ಒಂದೊಂದು ಬಾಗಿಲಿನಿಂದಲೂ ಕೆಮ್ಮಣ್ಣು ಕರಗಿ, ತೋಳುಗಳ ಮೇಲೆ ಇಳಿದು, ಹೊಸ್ತಿಲ ಮೇಲಿಂದ ಹರಿದು ಗಟಾರಿಗೆ ಸೇರುತ್ತಿತ್ತು. ಕುರಿ ಕಡಿದ ಜಾಗದಂತೆ ಕಂಡಿತು. ಒಂದೇ ಒಂದು ಬಾಗಿಲಿನಿಂದ ಇಳಿಯುತ್ತಿದ್ದದ್ದು ತಿಳಿನೀರು. ಆ ಬಾಗಿಲನ್ನು ನಾನು ಅಷ್ಟು ಚೊಕ್ಕ ಒರೆಸಿದ್ದೆ.

ಬಸ್ಸು ಶುರುವಾದ ಕೂಡಲೇ ಕಲಬುರಗಿಗೆ ಬಂದುಬಿಟ್ಟೆ. ಕಣ್ಣು ಸರಿಯಿಲ್ಲವೆಂದು ಹೇಳಿ ಹಿರಿತನ ಬಿಟ್ಟೆ. ಎಲ್ಲರೂ ನಂಬಿದರು. ಆ ಮೇಲೆ ದೂತರ ಕಥೆಗಳನ್ನು ಒಬ್ಬನೇ ಮತ್ತೆ ಮತ್ತೆ ಓದಿದ್ದೇನೆ. ದಾವೀದನಿಗೆ ಶಿಕ್ಷೆ ಆರಿಸಿಕೋ ಅಂದಾಗ ಅವನು, ನನ್ನನ್ನು ದೇವರ ಕೈಗೆ ಬೀಳಿಸು, ಮನುಷ್ಯರ ಕೈಗೆ ಮಾತ್ರ ಬೇಡ ಎಂದು ಬೇಡಿಕೊಂಡ. ದೇವರ ಕೈಯಲ್ಲಿ ಕನಿಕರ ಇರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಕತ್ತಿ ಹಿರಿದ ದೂತನಿಗೂ ಕೊನೆಗೆ ಸಾಕು ಎಂಬ ಮಾತು ಕೇಳಿಸಿತು, ಅವನು ಕೈ ತಡೆದ. ಯೋನ ಬಿದ್ದದ್ದು ಮನುಷ್ಯನ ಕೈಗೆ. ನನ್ನ ತಂಗಿ ಥೂ ಅಂದದ್ದೇ ನನಗೆ 'ಸಾಕು' ಅಂದ ಧ್ವನಿ. ಅದನ್ನೂ ನಾನು ಕೇಳಲಿಲ್ಲ.

ಎದುರು ಮನೆಯವಳು ಗೋಡೆ ಬಳಿದ ಮರುದಿನ, ಮಗನಿಗೆ ಲೀಲಾಳನ್ನು ನೋಡಿ ಬರುತ್ತೇನೆಂದು ಹೇಳಿ ಕಮಲಾಪುರದ ಬಸ್ಸು ಹತ್ತಿದೆ. ನೋಡಬೇಕಾದದ್ದು ಲೀಲಾಳನ್ನಲ್ಲ. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಹೋದೆ.

ಬಸ್ ಸ್ಟ್ಯಾಂಡಿನ ಬಾಯಲ್ಲೇ ಯೋನನ ಅವ್ವ ಕೆಂಪು ಬಾಳೆಹಣ್ಣಿನ ಗಾಡಿ ಹಚ್ಚಿಕೊಂಡು ನಿಂತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ನಾನು ತಿರುಗಿ ಬಸ್ಸಿಗೆ ಹೋಗೋಣ ಎನ್ನುವಷ್ಟರಲ್ಲಿ ಆಕೆಯೇ ಕರೆದಳು.

"ಮಿಸ್ತ್ರಿ ಅಣ್ಣಾರಲ್ಲೇನ್ರಿ? ಅಯ್ಯ, ಎಷ್ಟು ಬಡಕಾಗೀರಿ! ಬರ್ರಿ, ಒಂದು ಹಣ್ಣು ತಿನ್ರಿ. ಹಲ್ಲಿಲ್ಲದವರಿಗೂ ನಡೀತಾವು ಇವು."

ಒಂದು ಹಣ್ಣು ಕಿತ್ತು ನನ್ನ ಕೈಗಿಟ್ಟಳು. ನಾನು ಕಟ್ಟಿಕೊಂಡು ಬಂದ ವಾಕ್ಯ ಗಂಟಲಿಗೆ ಬಂತು. "ತಂಗಿ, ನಾ..." ಅಂದೆ.

ಆಕೆ ತಡೆದಳು. "ಏನೂ ಹೇಳಬ್ಯಾಡ್ರಿ. ನಿಮ್ಮ ಮ್ಯಾಲ ನನಗ ಭಾಳ ಸಿಟ್ಟಿತ್ತು, ಸುಳ್ಳ್ಯಾಕ ಹೇಳಲಿ. ಬಾಗಲಾ ಒರಸಿದ್ರಿ, ಸಂಜೂಗ ಹೋಗು ಅನಲಿಲ್ಲ. ಆದ್ರ ಒಂದು ಮಾತಿಗೆ ಸಿಟ್ಟು ನುಂಗೀನಿ. ಲಾರ್ಯಾಗ ನನ್ನ ಮಗ ನೀರು ನೀರು ಅಂದ. ನನ್ನ ಹತ್ರ ಹನಿ ನೀರಿಲ್ಲ. ಮುಂಜಾನಿಂದ ಒಣಗಿ ಮಲಗಿದ್ದೇನೋ ನನ್ನಪ್ಪಾ ಅಂತ ನಾ ಅಳಲಾಕತ್ತೆ. ಅವ ಏನಂದ ಗೊತ್ತದೇನ್ರಿ? ಇಲ್ಲ ಯವ್ವ, ಮಿಸ್ತ್ರಿ ಕಾಕಾ ಒಳಗ ಬಂದು ಕುಡಿಸಿ ಹೋಗ್ಯಾನ, ಅಂದ. ಕಡೀ ಮಾತು ಅದೇ. ಯಾರೂ ಹೊಸ್ತಿಲ ದಾಟದ ಹೊತ್ತಿನ್ಯಾಗ ನೀವು ದಾಟಿದ್ರಿ. ಅದೊಂದು ನೆನಸಕೊಂಡು ನಾ ಊಟ ಮಾಡ್ತೀನ್ರಿ."

ಜ್ವರದ ಭ್ರಮೆಯಲ್ಲಿ ಹಾಗಂದನೋ, ಅವ್ವ ಅಳಬಾರದೆಂದು ಅಂದನೋ, ನನ್ನ ಮಾನ ಉಳಿಸಲು ಅಂದನೋ, ನನಗೆ ತಿಳಿಯದು. ಯಾವ ದೂತನ ಕತ್ತಿಯೂ ಇಷ್ಟು ಮೆಲ್ಲಗೆ ಒಳಗಿಳಿಯಲಾರದು.

ಆಕೆ ನನ್ನ ಮುಖ ನೋಡುತ್ತಿದ್ದಳು. ನಾನು ಇಲ್ಲ ಎನ್ನಬೇಕಾಗಿತ್ತು. ಇಲ್ಲ ಅಂದರೆ ಆಕೆಗೆ ಉಳಿದದ್ದನ್ನೂ ಕಸಿದುಕೊಂಡಂತೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಕನಿಕರವೋ ಹೇಡಿತನವೋ ಎಂದು ವಿಚಾರಿಸುವ ಮೊದಲೇ ನನ್ನ ತಲೆ ಹೌದೆಂದು ಆಡಿತು. ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ಇನ್ನೊಂದು ಹಣ್ಣು ಕಿತ್ತುಕೊಟ್ಟಳು. ಬಸ್ಸು ಹಾರ್ನ್ ಹೊಡೆಯಿತು, ನಾನು ಹತ್ತಿದೆ.

ಆ ಹಣ್ಣುಗಳನ್ನು ನನಗೆ ತಿನ್ನಲಾಗಲಿಲ್ಲ, ಎಸೆಯಲೂ ಆಗಲಿಲ್ಲ. ಈಗ ಮಗನ ಮನೆಯ ಕಿಟಕಿಯ ಹತ್ತಿರ ಕುಳಿತು ಇದನ್ನು ಬರೆಯುತ್ತಿದ್ದೇನೆ. ಸತ್ತ ಮಗನ ಹೆಸರಿನಿಂದ ಕರೆಯುವುದು ಹೇಗೆ ಎಂದು ಓಣಿಯವರು ಈಗ ಆಕೆಯನ್ನು ಏನೂ ಕರೆಯುವುದಿಲ್ಲವಂತೆ, ಲೀಲಾ ಫೋನಿನಲ್ಲಿ ಹೇಳಿದಳು. ಬರಿ 'ಏನ್ರೀ' ಅನ್ನುತ್ತಾರಂತೆ. ಆಕೆಗೆ ತಂದೆ ತಾಯಿ ಇಟ್ಟ ಹೆಸರು ಒಂದಿದೆ. ಅದು ನನಗೆ ಗೊತ್ತಿದೆ, ಎದುರಿಗೆ ನಿಂತು ಕರೆಯುವ ಧೈರ್ಯ ಮಾತ್ರ ಇರಲಿಲ್ಲ.

ಸುಂದ್ರಮ್ಮ, ಆ ನೀರು ನಾನು ಕೊಡಲಿಲ್ಲ.